ಹಾಜರಿ ಪುಸ್ತಕದ ಹನ್ನೊಂದು ದಿನ

ಡರ್ವ್ಲಾ ಹೆನಿಗನ್ ಹನ್ನೆರಡು ವರ್ಷ ಪಾಠ ಹೇಳಿದ್ದ ಇಂಗ್ಲಿಷ್ ಕಲಿಸುವ ಶಾಲೆ ಒಂದು ಸೋಮವಾರ ಬಾಗಿಲು ತೆರೆಯಲೇ ಇಲ್ಲ. ಮಾಲೀಕ ಡಬ್ಲಿನ್ ಬಿಟ್ಟು ಹೋಗಿದ್ದ. ಬ್ರೆಜಿಲ್‌ನಿಂದ, ಮಂಗೋಲಿಯಾದಿಂದ ವರ್ಷದ ಫೀಸು ಮುಂಚೆಯೇ ಕಟ್ಟಿ ಬಂದವರು ಚಳಿಯಲ್ಲಿ ಫುಟ್‌ಪಾತಿನ ಮೇಲೆ ಗುಂಪುಗೂಡಿ ನಿಂತಿದ್ದರು. ಡರ್ವ್ಲಾ ಅವರನ್ನು ಹತ್ತಿರದ ಚರ್ಚಿನ ಹಾಲ್‌ಗೆ ಕರೆದೊಯ್ದು ಮೂರು ವಾರ ಸಂಬಳವಿಲ್ಲದೆ ಪಾಠ ಮಾಡಿದಳು. ಆಮೇಲೆ ಮಂತ್ರಿಗಳಿಗೆ, ಪತ್ರಿಕೆಗಳಿಗೆ ಬರೆಯಲು ಕೂತಳು. ಇಂಥ ಶಾಲೆಗಳ ಮೇಲೆ ಸರ್ಕಾರ ಕಣ್ಣಿಡಬೇಕು ಅನ್ನುವುದು ಅವಳ ಮಾತು.

ಕೊನೆಗೂ ನಿಯಮಗಳು ಬಂದವು. ಸರ್ಕಾರದ ಪಟ್ಟಿಯಲ್ಲಿಲ್ಲದ ಶಾಲೆಗೆ ವಿದೇಶದ ವಿದ್ಯಾರ್ಥಿಗಳನ್ನು ಸೇರಿಸುವಂತಿಲ್ಲ. ಹಾಜರಿ ನೂರಕ್ಕೆ ಎಂಬತ್ತೈದು ಇರಬೇಕು. ಇಲ್ಲದವರಿಗೆ ದೇಶದಲ್ಲಿ ಉಳಿಯುವ ಅನುಮತಿ ಮತ್ತೆ ಸಿಗದು. ಹಾಜರಿ ಪುಸ್ತಕವೇ ಸುಳ್ಳಾದರೆ ಶಾಲೆ ಪಟ್ಟಿಯಿಂದ ಹೊರಗೆ.

ಅಷ್ಟು ಹೊತ್ತಿಗೆ ಅವಳು ಕೇಪಲ್ ಬೀದಿಯಲ್ಲಿ, ಕ್ಷೌರದಂಗಡಿಯ ಮೇಲಿನ ಶಾಲೆಗೆ ಸೇರಿದ್ದಳು. ಹೊಸ ಫಾರಂಗಳ ಕಟ್ಟನ್ನು ಅವಳ ಮೇಜಿನ ಮೇಲೆ ಇಳಿಸುತ್ತಾ ಮುಖ್ಯಸ್ಥ ಮ್ಯಾಲಕಿ, "ನೀನೇ ಕೇಳಿ ತರಿಸ್ಕೊಂಡಿದ್ದು ತಾಯಿ, ನೀನೇ ತುಂಬು" ಎಂದ.

"ತುಂಬ್ತೀನಿ. ನೀನು ಟೀ ತಗೊಂಡ್ಬಾ" ಎಂದಳು ಡರ್ವ್ಲಾ.

ಅವಳ ತರಗತಿಯಲ್ಲಿ ಜುಸಿಲೇಡಿ ಎಂಬ ಬ್ರೆಜಿಲ್‌ನ ಹೆಂಗಸಿದ್ದಳು. ಮೂವತ್ತನಾಲ್ಕು ವರ್ಷ. ಊರಿನಲ್ಲಿ ದಾದಿಯಾಗಿದ್ದವಳು, ಇಲ್ಲೂ ಆಸ್ಪತ್ರೆ ಸೇರಬೇಕೆಂದು ಭಾಷೆ ಕಲಿಯುತ್ತಿದ್ದಳು, ಹೊಟ್ಟೆಪಾಡಿಗೆ ಹೋಟೆಲಿನ ಕೋಣೆಗಳನ್ನು ಗುಡಿಸುತ್ತಿದ್ದಳು. ಪರೀಕ್ಷೆಗೆ ಎರಡು ತಿಂಗಳಿತ್ತು. ಹೋಟೆಲಿನವರು ಅವಳ ಪಾಳಿಯನ್ನು ಬೆಳಗಿಗೆ, ತರಗತಿಯ ಹೊತ್ತಿಗೇ ಬದಲಾಯಿಸಿದರು.

"ಆಗಲ್ಲ ಅಂದ್ರೆ ಕೆಲಸ ಹೋಗುತ್ತೆ ಟೀಚರ್. ಬೇರೆ ಕೆಲಸ ಸಿಗೋವರೆಗೂ ಒಂದು ಟಿಕ್ ಹಾಕ್ಬಿಡಿ. ಪಾಠ ಮನೇಲಿ ಮಾಡ್ತೀನಿ."

ಅವಳು ಹೇಳಿದಂತೆಯೇ ಮಾಡಿದಳು. ಪ್ರತಿ ಸಂಜೆ ಬರೆದುಕೊಂಡು ಬಂದು ತಿದ್ದಿಸಿಕೊಂಡು ಹೋಗುತ್ತಿದ್ದಳು. ಡರ್ವ್ಲಾ ಹನ್ನೊಂದು ದಿನ ಟಿಕ್ ಹಾಕಿದಳು.

ಹನ್ನೆರಡನೆಯ ದಿನ ತಪಾಸಣೆಗೆ ಒಬ್ಬ ಅಧಿಕಾರಿಣಿ ಬಂದಳು. ಮೆದು ಮಾತಿನವಳು. ಹಾಜರಿ ಪುಸ್ತಕದ ಪಕ್ಕ ಹೋಟೆಲಿನ ಪಾಳಿಪಟ್ಟಿ ಇಟ್ಟಳು. "ಎರಡರಲ್ಲಿ ಒಂದು ಸುಳ್ಳು. ಹೀಗೆ ಬರೀರಿ ಅಂತ ಶಾಲೆಯವರೇ ಹೇಳ್ತಾರಾ?"

ಮ್ಯಾಲಕಿಯ ಮುಖ ಬಿಳಿಚಿತು. ಹೋಟೆಲಿನ ಪಟ್ಟಿಯೇ ತಪ್ಪಿರಬಹುದು ಎಂದು ಡರ್ವ್ಲಾ ಹೇಳಿಬಿಡಬಹುದಿತ್ತು. ಆದರೆ ಅನುಮಾನ ಉಳಿದರೆ ಇಡೀ ಶಾಲೆಯನ್ನು ಜಾಲಾಡುತ್ತಾರೆ. ಒಳಗೆ ನೂರನಲವತ್ತು ಜನ ಓದುತ್ತಿದ್ದರು. ಆ ಸೋಮವಾರದ ಫುಟ್‌ಪಾತು ಡರ್ವ್ಲಾಳ ಕಣ್ಣಿಗೆ ಕಟ್ಟಿತು.

"ಶಾಲೆಗೆ ಗೊತ್ತಿಲ್ಲ. ನಾನೊಬ್ಬಳೇ ಬರೆದೆ. ಅವಳು ಬಂದಿರಲಿಲ್ಲ" ಎಂದಳು.

ಶಾಲೆ ಉಳಿಯಿತು. ಡರ್ವ್ಲಾಳ ಕೆಲಸ ಹೋಯಿತು. ಅದಕ್ಕೆ ಅವಳು ಸಿದ್ಧಳಾಗಿಯೇ ಇದ್ದಳು. ಜುಸಿಲೇಡಿಯ ಅನುಮತಿ ಮುಂದುವರಿಯಲಿಲ್ಲ. ಡರ್ವ್ಲಾ ಬರೆದ ಮೂರು ಮನವಿಗಳಿಗೂ ಒಂದೇ ಉತ್ತರ ಬಂತು, ನಿಯಮ ಎಲ್ಲರಿಗೂ ಒಂದೇ ಎಂದು. ಹಿಂದೊಮ್ಮೆ ಪತ್ರಿಕೆಗೆ ಅವಳೇ ಬರೆದ ಮಾತು ಅದು.

ವಿಮಾನ ನಿಲ್ದಾಣದ ಬಸ್ಸಿಗೆ ಕಾಯುತ್ತಾ ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು. ಜುಸಿಲೇಡಿ ತಪ್ಪಿಲ್ಲದ ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದಳು.

"ಹನ್ನೊಂದು ದಿನ ಸುಳ್ಳು ಬರೆದ್ರಿ. ಇನ್ನೊಂದೇ ಒಂದು ಸುಳ್ಳು ಹೇಳೋಕೆ ಆಗ್ಲಿಲ್ವಾ ಟೀಚರ್?"

"ಉಳಿದೋರೆಲ್ಲ ಬೀದಿಗೆ ಬೀಳ್ತಿದ್ರು, ಜುಸಿ."

"ನಾನೂ ಅವರಲ್ಲಿ ಒಬ್ಬಳಲ್ವಾ?"

ಬಸ್ಸು ಬಂತು. ಚೀಲ ಎತ್ತಿಕೊಡಲು ಡರ್ವ್ಲಾ ಕೈ ಚಾಚಿದಳು. ಜುಸಿಲೇಡಿ ತಾನೇ ಎತ್ತಿಟ್ಟುಕೊಂಡಳು.

ಆ ಬೇಸಿಗೆಯಲ್ಲಿ ಪಾಸಾದವರ ಔತಣಕ್ಕೆ ಮ್ಯಾಲಕಿ ಫೋನ್ ಮಾಡಿ ಕರೆದ. ಡರ್ವ್ಲಾ ಒಳ್ಳೆಯ ಕೋಟು ಹಾಕಿಕೊಂಡು ಕೇಪಲ್ ಬೀದಿಯ ತಿರುವಿನವರೆಗೂ ಹೋದಳು. ಕ್ಷೌರದಂಗಡಿಯ ಮೇಲಿನ ಕಿಟಕಿ ತೆರೆದಿತ್ತು, ಒಳಗೆ ನಗು ಕೇಳುತ್ತಿತ್ತು. ಸ್ವಲ್ಪ ಹೊತ್ತು ನಿಂತಿದ್ದು, ಮನೆಗೆ ನಡೆದುಬಿಟ್ಟಳು.