ಅಪ್ಪ ಕೆರೆದ ಇಂಗ್ಲಿಷ್ ಕುರ್ಚಿ

ಆ ಕುರ್ಚಿ ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತೆ. ಬೆಳಗೋಡಿನ ಹತ್ತಿರದ ಎಸ್ಟೇಟ್ ಬಂಗಲೆಯನ್ನು ಹೋಮ್‌ಸ್ಟೇ ಮಾಡಿದ ಮೇಲೆ ಯಜಮಾನರು ಎಲ್ಲಿಂದಲೋ ನಾಲ್ಕು ಹಳೇ ಇಂಗ್ಲಿಷ್ ಕುರ್ಚಿ ತರಿಸಿ ವರಾಂಡದಲ್ಲಿಟ್ಟರು. ನೋಡೋಕೆ ಥೇಟ್ ಬಿದಿರು. ಹಳದಿ ಮೈ, ಗೇಣಿಗೊಂದು ಗಿಣ್ಣು, ಗಿಣ್ಣಿನ ಸುತ್ತ ಕಂದು ಚುಕ್ಕೆ. ಒಂದರ ಕಾಲು ಸೀಳು ಬಿಟ್ಟಿತ್ತು. ಯಜಮಾನಿ ನಮ್ಮಪ್ಪನಿಗೆ ಹೇಳಿ ಕಳಿಸಿದರು.

ಅಪ್ಪ ಆ ಎಸ್ಟೇಟಿಗೆ ಕಾಫಿ ಕುಯ್ಯೋ ಬುಟ್ಟಿ ಹೆಣೆದುಕೊಂಡೇ ಮುದುಕನಾದವನು. ಅಮಾವಾಸ್ಯೆ ಹತ್ತಿರ ಕಡಿದ ಬಿದಿರಿಗೆ ಹುಳ ಬೀಳಲ್ಲ ಅಂತ ದಿನ ಕಾದು ಕಡಿಯೋನು. ಅಂಥದ್ದೇ ಒಂದು ಗಳ ಹೆಗಲಿಗಿಟ್ಟುಕೊಂಡು ಹೋದ, ಜೊತೆಗೆ ನಾನೂ ಹೋದೆ. ಕುರ್ಚಿ ಎತ್ತಿದವನೇ ಕೆಳಗಿಟ್ಟ.

"ಇದು ಬಿದ್ರಲ್ಲ ಅಮ್ಮಾವ್ರೆ, ಮರ. ಭಾರ ಐತೆ. ಗಿಣ್ಣೆಲ್ಲ ಒಂದೇ ಅಳತೇಲವೆ, ಬಿದ್ರು ಹಂಗೆ ಬೆಳೆಯಕಿಲ್ಲ."

"ಇಂಗ್ಲೆಂಡಿನ ಸಾಮಾನು ನಿನಗೇನು ಗೊತ್ತು? ಬಿದಿರೇ ಅದು. ಹೇಳಿದಷ್ಟು ಮಾಡು" ಅಂದರು ಯಜಮಾನಿ.

ನಮ್ಮ ಕೆಲಸದಲ್ಲಿ ಇಂಥದ್ದಕ್ಕೆ ವಾದ ಮಾಡೋದಿಲ್ಲ, ಸಿಪ್ಪೆ ಕೆರೆದು ತೋರಿಸೋದು. ಅಪ್ಪ ಕತ್ತಿ ತೆಗೆದು ಕಾಲಿನ ಒಳಮಗ್ಗುಲಲ್ಲಿ ಬೆರಳಗಲ ಕೆರೆದ. ಬಣ್ಣ ಉದುರಿ ಒಳಗಿನ ಮರ ಕಾಣಿಸ್ತು. ಅಪ್ಪ ನಕ್ಕ. ಇನ್ನೇನು ಒಪ್ಪಿಕೊಳ್ತಾರೆ ಅಂದುಕೊಂಡ, ಪಾಪ.

ಕುರ್ಚಿಗೆ ಬೆಲೆ ಇದ್ದದ್ದೇ ಆ ಹಳೇ ಕಾಲದ ಬಣ್ಣಕ್ಕಂತೆ. ಒಳಗಿಂದ ಬಂದ ಯಜಮಾನರು ತಲೆ ಮೇಲೆ ಕೈಹೊತ್ತು ನಿಂತರು. ಮರಕ್ಕೆ ಬಿದಿರಿನ ವೇಷ ಹಾಕಿದ್ದು ಅವರಿಗೆ ಮೊದಲೇ ಗೊತ್ತಿತ್ತು, ಹೆಂಡತಿಗೆ ಹೇಳಿರಲಿಲ್ಲ ಅಷ್ಟೆ. ಬೈಸಿಕೊಂಡವನು ಮಾತ್ರ ಅಪ್ಪ. ಆ ಯಮ್ಮ ತನ್ನ ತಪ್ಪು ಮುಚ್ಚಿಕೊಳ್ಳೋಕೆ, ಬಿದಿರಿಗೂ ಮರಕ್ಕೂ ವ್ಯತ್ಯಾಸ ಗೊತ್ತಿಲ್ಲದ ಮುದುಕ ಕುರ್ಚಿ ಹಾಳುಮಾಡಿದ ಅಂತ ಕೂಲಿಯವರ ಲೈನ್ ಮನೆಗಳಿಂದ ಬಾಳ್ಳುಪೇಟೆವರೆಗೂ ಸಾರಿಬಿಟ್ಟರು. ನಾಚಿಕೆ ಬೇಡವಾ? ಅಲ್ಲಿ ನಿಜ ಹೇಳಿದವನು ಅವನೊಬ್ಬನೇ. ನಾನು ಹೋಗಿ ಜಗಳ ಆಡಿದೆ. "ಆಗಿದ್ದು ಆಗಿಹೋಯ್ತು ಬಿಡು" ಅಂತ ಯಜಮಾನಿ ಕಾಫಿ ಕೊಡೋಕೆ ಬಂದರು. ಮುಟ್ಟಲಿಲ್ಲ.

ಸಂತೆಯಲ್ಲಿ ಬುಟ್ಟಿ ಎತ್ತಿ ಹಿಡಿದು, "ಏನ್ ಮಾರಾಯ, ಇದು ಬಿದ್ರೋ ಮರಾನೋ?" ಅಂತ ಜನ ಕಿಚಾಯಿಸೋರು. ಅಪ್ಪ ನಕ್ಕು ಇನ್ನೊಂದು ಬುಟ್ಟಿ ಎತ್ತಿ ತೋರಿಸೋನು. ಮರೆತಿದ್ದಾನೆ ಅಂತಲೇ ನಾನು ತಿಳಿದಿದ್ದೆ.

ಮೊನ್ನೆ ಅಪ್ಪನೂ ನಾನೂ ಹಿತ್ತಲಿನ ಬಿದಿರು ಮೆಳೆಗೆ ಹೋದೆವು. ಅವನೇ ನೆಟ್ಟ ಮೆಳೆ. ಒಂದು ಗಳ ಹಿಡಿದು ಉಗುರಲ್ಲಿ ಕೆರೆದ, ತಟ್ಟಿದ, ಮತ್ತೆ ಕೆರೆದ. ಆಮೇಲೆ ಕತ್ತಿಯನ್ನು ನನ್ನ ಕೈಗೆ ಕೊಟ್ಟು ಮೆಲ್ಲಗೆ ಕೇಳಿದ, "ನೋಡವ್ವ, ಇದು ಬಿದ್ರೇ ತಾನೆ?"