ಬುಧವಾರದ ಬುತ್ತಿ

ಅನುಮಾನ ನನ್ನ ಹುಟ್ಟುಗುಣ. ಗೋಕಾಕದ ಅಂಗಡಿಯಲ್ಲಿ ಕರದಂಟು ಕೊಳ್ಳುವಾಗಲೂ ಒಂದು ತುಂಡು ಮುರಿಸಿ, ಮೂಸಿ, ಬಾಯಿಗೆ ಹಾಕಿಕೊಂಡು ನೋಡಿದ ಮೇಲೆಯೇ ಪೊಟ್ಟಣ ಕಟ್ಟಲು ಹೇಳುತ್ತೇನೆ. ನನ್ನ ಗಂಡ ಪೇಟೆಯಿಂದ ತಂದ ಬದನೆಕಾಯಿಯನ್ನು ಒಂದೊಂದಾಗಿ ತಿರುಗಿಸಿ ಹುಳು ಹುಡುಕುತ್ತೇನೆ. "ನೀ ಪೊಲೀಸ್ ಆಗಬೇಕಿತ್ತು, ತಪ್ಪಿ ಸಾಲಿಗಿ ಬಂದಿ" ಎಂದು ಅವರು ಇಪ್ಪತ್ತು ವರ್ಷದಿಂದ ಅದೇ ಮಾತು ಹೇಳಿ ನಗುತ್ತಾರೆ. ನಮ್ಮ ಶಾಲೆಯ ಚೇರ್ಮನ್ನರಿಗೆ ಮಾತ್ರ ನನ್ನ ಈ ಗುಣ ಹಿಡಿಸಿತು. ಕನ್ನಡ ಕಲಿಸುವುದರ ಜೊತೆಗೆ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಕೆಲಸವನ್ನೂ ನನಗೇ ಕಟ್ಟಿದರು.

ನಮ್ಮದು ಹುಕ್ಕೇರಿ ರಸ್ತೆಯ ಮೇಲಿನ ಖಾಸಗಿ ವಸತಿ ಶಾಲೆ. ಸುತ್ತ ಕಬ್ಬು, ನಡುವೆ ನಾವು. ಮೂಡಲಗಿ ಕಡೆಯ ಮಕ್ಕಳಿದ್ದಾರೆ, ದಡ್ಡಿ, ಕಣಗಲಾ ಊರುಗಳವರೂ ಇದ್ದಾರೆ. ಮಕ್ಕಳ ಕೈಗೆ ಫೋನು ಕೊಡುವುದಿಲ್ಲ. ತಿಂಗಳಿಗೊಂದು ಭಾನುವಾರ ಆಫೀಸಿನ ಫೋನಿನಿಂದ ಮನೆಗೆ ಮಾತಾಡಬಹುದು, ಅದೂ ನಾನು ಪಕ್ಕದ ಕುರ್ಚಿಯಲ್ಲಿ ಕುಳಿತಿರುವಾಗ. ಉಳಿದ ಸುದ್ದಿಯನ್ನೆಲ್ಲ ಶಾಲೆಯೇ ಮನೆಗೆ ಮುಟ್ಟಿಸುತ್ತದೆ. ಅದನ್ನು ಬರೆಯುವವಳೂ ನಾನೇ. ಪ್ರತಿ ಗುರುವಾರ ಸಂಜೆ 'ವಾರದ ಸುದ್ದಿ' ಎಂಬ ಒಂದು ಪುಟವನ್ನು ಪಾಲಕರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಯಾರು ಪ್ರಬಂಧದಲ್ಲಿ ಬಹುಮಾನ ಪಡೆದರು, ಕಬಡ್ಡಿಯಲ್ಲಿ ಯಾರನ್ನು ಸೋಲಿಸಿದೆವು, ಬಸವ ಜಯಂತಿಗೆ ಯಾರು ವಚನ ಹಾಡಿದರು, ಇಂಥವೇ. ಮೊದಲ ವಾರವೇ ಚೇರ್ಮನ್ನರು ಹೇಳಿಬಿಟ್ಟಿದ್ದರು: "ಟೀಚರ್, ಸುದ್ದಿ ಅಂದ್ರ ಛಲೋ ಸುದ್ದಿ. ಬ್ಯಾರೇದು ನಾವು ಒಳಗ ನೋಡ್ಕೊಳ್ಳೂಣು." ನನಗೂ ಅದು ತಪ್ಪೆನಿಸಲಿಲ್ಲ.

ಇಷ್ಟು ಬಿಗಿಯ ನಡುವೆ ಹೊರಗಿನಿಂದ ಒಳಗೆ ಬರುತ್ತಿದ್ದುದು ಬುತ್ತಿ ಒಂದೇ. ನಮ್ಮ ಭಾಗದ ತಾಯಂದಿರು ಮಕ್ಕಳನ್ನು ಎಷ್ಟು ದೂರದ ಶಾಲೆಗೆ ಹಾಕಿದರೂ ಮನೆಯ ರೊಟ್ಟಿ ತಪ್ಪಿಸುವುದಿಲ್ಲ. ಬುಧವಾರ ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಕೈಗೆ ಡಬ್ಬಿ ಕೊಟ್ಟರೆ ಸಾಕು. ಕಣಗಲಾದ ಡಬ್ಬಿ ಹುಕ್ಕೇರಿಯಲ್ಲಿ ಬಸ್ಸು ಬದಲಾಯಿಸಿ, ಮನುಷ್ಯರು ಜೊತೆಗಿಲ್ಲದೆಯೂ ಮಧ್ಯಾಹ್ನದ ಊಟಕ್ಕೆ ಸರಿಯಾಗಿ ನಮ್ಮ ಗೇಟಿಗೆ ಬಂದು ಇಳಿಯುತ್ತದೆ. ಮುಚ್ಚಳದ ಮೇಲೆ ಬಣ್ಣದಲ್ಲಿ ಹುಡುಗಿಯ ನಂಬರು. ಒಳಗೆ ಜೋಳದ ರೊಟ್ಟಿ, ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಎಣ್ಣೆಗಾಯಿ. ಗುರುವಾರ ಬೆಳಿಗ್ಗೆ ಖಾಲಿ ಡಬ್ಬಿಗಳು ಅದೇ ದಾರಿಯಲ್ಲಿ ಊರಿಗೆ ಮರಳುತ್ತವೆ.

ಡಬ್ಬಿ ಇಳಿಸಿಕೊಳ್ಳುವುದು, ಹಂಚುವುದು, ಮರುದಿನ ಉಳಿದ ಚೂರುಪಾರನ್ನು ಆಕಳಿಗೆ ಹಾಕಿ ತೊಳೆದು ಬಸ್ಸಿಗೆ ಹತ್ತಿಸುವುದು ಅಡುಗೆ ಕಾಕುವಿನ ಕೆಲಸ. ಕಾಕು ಎಂದರೆ ನಮ್ಮ ಅಡುಗೆಮನೆಯ ಹೆಂಗಸು. ಘೋಡಗೇರಿಯವಳು, ದಿನಾ ಬೆಳಗಿನ ಬಸ್ಸಿಗೆ ಬಂದು ಸಂಜೆ ಮರಳುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಆದರೆ ಮಕ್ಕಳ ಬಾಯಿಂದ ಬಂದ ಕಾಕು, ಅಂದರೆ ಚಿಕ್ಕಮ್ಮ, ಎಂಬ ಹೆಸರು ನಮ್ಮೆಲ್ಲರ ಬಾಯಿಗೂ ಹತ್ತಿತ್ತು. ಆಕೆಯ ಮಗಳು ನಮ್ಮಲ್ಲೇ ಒಂಬತ್ತನೆಯ ತರಗತಿ, ಹಾಸ್ಟೆಲಿನಲ್ಲೇ ವಾಸ. ತಾಯಿ ಒಲೆಯ ಮುಂದೆ ಇರುವ ತನಕ ಮಗಳಿಗೆ ಫೀ ಇಲ್ಲ, ಹಾಗೆಂದು ಕರಾರು. ಗಂಡ ದಿನಗೂಲಿಯವನು. ಆ ಹುಡುಗಿ ವಿಜ್ಞಾನದಲ್ಲಿ ಯಾವಾಗಲೂ ಮೊದಲು. ಕಾಕು ತನ್ನ ಬದುಕನ್ನೆಲ್ಲ ಆ ಒಂದು ಸೀಟಿಗೆ ಕಟ್ಟಿಕೊಂಡಿದ್ದಳು ಎಂಬುದು ನನಗೆ ಗೊತ್ತಿತ್ತು.

ಹೋದ ವರ್ಷ ಮಳೆಗಾಲದ ಒಂದು ಮಂಗಳವಾರ ಎಂಟು ಹುಡುಗಿಯರು ವಾಂತಿ ಮಾಡಿಕೊಂಡರು. ಮೇಲಿನ ನೀರಿನ ಟಾಕಿಯ ಮುಚ್ಚಳ ಹಾರಿಹೋಗಿತ್ತು, ಯಾರೂ ನೋಡಿರಲಿಲ್ಲ. ಬುಧವಾರ ಜ್ವರವೂ ಏರಿತು. ಚೇರ್ಮನ್ನರು ಪರಿಚಯದ ಕಂಪೌಂಡರನ್ನು ಕಳಿಸಿ ಗುಳಿಗೆ ಕೊಡಿಸಿದರು. "ಎರಡ ದಿನದಾಗ ಆರಾಮ ಆಕ್ಕಾರ. ಸುಮ್ಮ ಗದ್ಲಾ ಬ್ಯಾಡ" ಎಂದರು. ಗುರುವಾರ ಸಂಜೆ ನಾನು ಎಂದಿನಂತೆ 'ವಾರದ ಸುದ್ದಿ' ಹಾಕಿದೆ. ಲಿಂಬು-ಚಮಚ ಓಟದಲ್ಲಿ ಐದನೆಯ ತರಗತಿಯವರು ಗೆದ್ದಿದ್ದರು, ಅದನ್ನು ಫೋಟೋ ಸಮೇತ ಬರೆದೆ. ಕೊನೆಗೆ 'ಮಕ್ಕಳೆಲ್ಲ ಕ್ಷೇಮ' ಎಂದೂ ಸೇರಿಸಿದೆ. ಅದು ಪ್ರತಿ ವಾರ ಬರೆಯುವ ಸಾಲು, ಕೈ ತಾನಾಗಿಯೇ ಬರೆಯಿತು.

ಶುಕ್ರವಾರ ಬೆಳಗಿನ ಪ್ರಾರ್ಥನೆ ಮುಗಿಯುವ ಮೊದಲೇ ಗೇಟಿನ ಮುಂದೆ ಒಂದು ಟೆಂಪೋ ನಿಂತಿತು. ಅದರ ಹಿಂದೆ ಎರಡು ಬೈಕು. ಇಳಿದವರು ಆ ಎಂಟೂ ಹುಡುಗಿಯರ ಮನೆಯವರು, ಬೇರೆ ಒಬ್ಬರೂ ಅಲ್ಲ. ನೇರ ಹಾಸ್ಟೆಲಿಗೆ ನುಗ್ಗಿ ಮಕ್ಕಳನ್ನು ಎತ್ತಿಕೊಂಡು ಗೋಕಾಕದ ಆಸ್ಪತ್ರೆಗೆ ಹೋದರು, ನಾನೂ ಹಿಂದೆಯೇ ಹೋದೆ. ಇಬ್ಬರಿಗೆ ಸಲೈನ್ ಏರಿಸಬೇಕಾಯಿತು. ದಡ್ಡಿಯ ಚಿಕ್ಕ ಹುಡುಗಿಯನ್ನು ನೋಡಿದ ಡಾಕ್ಟರು, "ಇನ್ನೊಂದ ದಿನಾ ಬಿಟ್ಟಿದ್ರ ಕೈಯಾಗ ಉಳೀತಿದ್ದಿಲ್ರಿ" ಎಂದು ನನ್ನ ಮುಖ ನೋಡಿಯೇ ಹೇಳಿದರು. ದೇವರ ದಯೆ, ಎಲ್ಲರೂ ಗುಣವಾದರು. ಆದರೆ ಆ ಹೊತ್ತಿನಲ್ಲೂ ನನ್ನ ತಲೆಯಲ್ಲಿ ಕೊರೆಯುತ್ತಿದ್ದುದು ಬೇರೆಯೇ ಮಾತು. ಇವರಿಗೆ ಹೇಳಿದವರು ಯಾರು? ಅದೂ ಸರಿಯಾಗಿ ಎಂಟೇ ಮನೆಗೆ?

ಚೇರ್ಮನ್ನರಿಗೂ ಅದೇ ಬೇಕಿತ್ತು. "ಒಳಗಿನ ಮಂದೀನ ಹೇಳ್ಯಾರ. ಹೆಸರು ಬೇಕ್ರಿ ಟೀಚರ್, ಒಂದ ವಾರದಾಗ" ಎಂದರು.

ನನಗಂತೂ ಹಬ್ಬ. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೂ ಖರೆ ಹೇಳಬೇಕು, ಆ ವಾರ ನಾನು ಬಹಳ ಹುರುಪಿನಿಂದ ಓಡಾಡಿದೆ. ವಾಚ್‌ಮನ್ ಕೆಮ್ಮಿದರೂ ಅನುಮಾನ, ಗಣಿತದ ಸರ್ ಫೋನು ಹಿಡಿದು ಬೇವಿನ ಗಿಡದ ಕೆಳಗೆ ನಿಂತರೂ ಅನುಮಾನ. ಹುಡುಗಿಯರ ಟ್ರಂಕು ತೆಗೆಸಿದೆ, ತಲೆದಿಂಬಿನ ಕವರು ಬಿಚ್ಚಿಸಿದೆ. ಎಲ್ಲೂ ಏನೂ ಸಿಗಲಿಲ್ಲ. ಕೊನೆಗೆ ಮನಸ್ಸು ಕಾಕುವಿನ ಮೇಲೆ ಹೋಗಿ ಕುಳಿತಿತು. ದಿನಾ ಹೊರಗೆ ಹೋಗಿಬರುವವಳು ಅವಳೊಬ್ಬಳೇ. ಗುರುವಾರ ಬೆಳಿಗ್ಗೆ ಡಬ್ಬಿ ಹತ್ತಿಸುವಾಗ ಕಂಡಕ್ಟರ್ ಜೊತೆ ಎಂದಿಗಿಂತ ಹೆಚ್ಚು ಹೊತ್ತು ನಿಂತು, ಬೆರಳು ಮಾಡಿ ಏನೋ ಹೇಳುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೆ. ಸಾಲದ್ದಕ್ಕೆ ಶುಕ್ರವಾರ ಆ ಗದ್ದಲದಲ್ಲಿ ಕಣಗಲಾದ ತಾಯಿಯೊಬ್ಬಳು ಅಡುಗೆಮನೆಗೆ ಹೋಗಿ ಕಾಕುವಿನ ಎರಡೂ ಕೈ ಹಿಡಿದುಕೊಂಡಿದ್ದಳು. ಇದಕ್ಕಿಂತ ಸಾಕ್ಷಿ ಏನು ಬೇಕು ಎನಿಸಿತು.

ಸ್ಟೋರ್ ರೂಮಿಗೆ ಕರೆದು ಕೇಳಿದೆ. "ಕಾಕು, ಗುರುವಾರ ಕಂಡಕ್ಟರ್ ಕೂಡ ಏನ್ ಮಾತಾಡಿದ್ರಿ?"

"ಡಬ್ಬಿ ಜ್ವಾಕಿಲೆ ಒಯ್ಯಪಾ ಅಂದೆ ರೀ ಅಕ್ಕೋರ."

"ಅಷ್ಟನ?"

"ಅಷ್ಟರಿ."

"ಯಾರಿಗರ ಫೋನ್ ಹಚ್ಚಿದ್ರಿ?"

ಆಕೆ ಸೆರಗಿನ ಗಂಟಿನಿಂದ ತನ್ನ ಗುಂಡಿ ಫೋನು ತೆಗೆದು ನನ್ನ ಮುಂದೆ ಹಿಡಿದಳು. ನೋಡಿದೆ. ಗಂಡನ ನಂಬರು, ತವರಿನ ನಂಬರು, ಮತ್ತೇನಿಲ್ಲ. ಅಳಿಸಿರಬಹುದು ಎಂದುಕೊಂಡೆ. "ನಾ ಯಾರಿಗೂ ಒಂದ ಮಾತೂ ಹೇಳಿಲ್ರಿ" ಎಂದಳು. ಅಳಲಿಲ್ಲ, ಆಣೆ ಹಾಕಲಿಲ್ಲ. ತಪ್ಪಿಲ್ಲದವಳು ಇಷ್ಟು ತಣ್ಣಗಿರುತ್ತಾಳೆಯೇ ಎಂದು ಅದರಿಂದಲೇ ನನ್ನ ಅನುಮಾನ ಗಟ್ಟಿಯಾಯಿತು. ಸಂಜೆ ಚೇರ್ಮನ್ನರಿಗೆ ಆಕೆಯ ಹೆಸರು ಹೇಳಿದೆ.

ಮರುದಿನ ಕಾಕುವನ್ನು ಕೆಲಸದಿಂದ ಬಿಡಿಸಿದರು. ಅವಳೊಂದಿಗೆ ಮಗಳ ಸೀಟೂ ಹೋಯಿತು. ಟ್ರಂಕು ಗೇಟಿನ ಬಳಿ ಇಟ್ಟು ಆ ಹುಡುಗಿ ನನ್ನ ಹತ್ತಿರ ಬಂದಳು, ಗ್ರಂಥಾಲಯದ ಎರಡು ಪುಸ್ತಕ ಹಿಂತಿರುಗಿಸುವುದಿತ್ತು. ನಾನು ಆ ಪುಸ್ತಕಗಳ ಹಾಳೆ ಹರಿದಿದೆಯೇ ಎಂದು ಒಂದೊಂದೇ ತಿರುವಿ ನೋಡಿದೆ. ಒಂದು ಹಾಳೆಯೂ ಹರಿದಿರಲಿಲ್ಲ. "ಸರಿ, ಹೋಗು" ಎಂದೆ.

ಅಡುಗೆಯನ್ನು ಗುತ್ತಿಗೆಯವರಿಗೆ ಕೊಟ್ಟರು. ಡಬ್ಬಿಗಳ ವ್ಯವಸ್ಥೆ ಅಡ್ಡಾದಿಡ್ಡಿಯಾಯಿತು, ಇವರ ಮುಚ್ಚಳ ಅವರ ಡಬ್ಬಿಗೆ. ಮೂರು ವಾರದ ನಂತರ, ಪಾಲಕರು ಮಕ್ಕಳನ್ನು ನೋಡಲು ಬರುವ ಭಾನುವಾರ, ದಡ್ಡಿಯ ಹುಡುಗಿಯ ತಾಯಿ ಅದನ್ನೇ ದೂರಿಕೊಂಡು ಬಂದಳು. ಮಾತಿನ ನಡುವೆ, ಬಹಳ ದಿನದಿಂದ ನಾಲಗೆಯ ತುದಿಯಲ್ಲಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. ಎಷ್ಟಾದರೂ ತನಿಖೆ ಪೂರ್ತಿಯಾಗಬೇಕಲ್ಲ!

"ಅವತ್ತ ನಿಮಗ ಹುಡುಗಿಗೆ ಆರಾಮಿಲ್ಲ ಅಂತ ಹೇಳಿದವ್ರು ಯಾರ್ರಿ? ಕಾಕು ಅಲ್ಲ?"

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. "ಯಾರೂ ಹೇಳಿಲ್ರಿ ಅಕ್ಕೋರ. ಬುತ್ತಿ ತಿರುಗಿ ಬಂದಿತ್ತು. ಕಟ್ಟಿದ ಐದೂ ರೊಟ್ಟಿ ಹಂಗ ಇದ್ದುವು, ಹಿಂಡಿ ಮುಟ್ಟಿದ್ದಿಲ್ಲ. ನನ್ನ ಮಗಳು ಮನಿ ರೊಟ್ಟಿ ಬಿಡಾಕಿ ಅಲ್ರಿ. ಬಸ್‌ಸ್ಟ್ಯಾಂಡಿನ್ಯಾಗ ನೋಡಿದ್ರ ಮತ್ತೊಬ್ಬಾಕಿ ಡಬ್ಬೀನೂ ಹಂಗ ಬಂದೈತಿ. ಒಬ್ಬರಿಗೊಬ್ಬರು ಫೋನ್ ಹಚ್ಚಿ ಕೇಳಿದ್ರ ಎಂಟ ಮನಿ ಬುತ್ತಿ ಹಂಗ ಬಂದಿತ್ತು. ಸಂಜೀಕ ನಿಮ್ಮ ಸುದ್ದಿ ಬಂತು, ಎಲ್ಲಾರೂ ಕ್ಷೇಮ ಅಂತ. ಆವಾಗಂತೂ ಎದಿ ಧಸಕ್ಕಂತು. ರಾತ್ರೀನ ಟೆಂಪೋ ಹೇಳಿದ್ವಿ."

ಆ ಗುರುವಾರ ಗೇಟಿನಲ್ಲಿ ಎಲ್ಲ ಡಬ್ಬಿಯ ಮುಚ್ಚಳ ತೆಗೆದು ನೋಡಿದವಳು ನಾನೇ. ಹುಡುಗಿಯರು ಚೀಟಿ ಬರೆದು ಕಳಿಸಬಹುದೆಂದು, ಎಂಟು ತುಂಬಿದ ಡಬ್ಬಿಗಳಲ್ಲಿ ಒಂದೊಂದು ರೊಟ್ಟಿಯನ್ನೂ ಎತ್ತಿ ಅಡಿಯಲ್ಲಿ ಕೈಯಾಡಿಸಿದ್ದೆ. ಚೀಟಿ ಇಲ್ಲ ಎಂದು ಖಾತ್ರಿ ಮಾಡಿಕೊಂಡು ನನ್ನ ಕೈಯಾರೆ ಮುಚ್ಚಳ ಒತ್ತಿ ಕಳಿಸಿದ್ದೆ. ನಾನೂ ಜೋಳದ ರೊಟ್ಟಿ ತಿಂದೇ ಬೆಳೆದವಳು. ನನ್ನವ್ವ ನನ್ನ ತಾಟು ನೋಡಿಯೇ ನನಗೆ ಜ್ವರ ಎಂದು ಹೇಳುತ್ತಿದ್ದಳು. ಇಷ್ಟೆಲ್ಲ ತಿಳಿದೂ, ಹಾಳಾದ ನನ್ನ ಕಣ್ಣು ಚೀಟಿಯನ್ನೇ ಹುಡುಕಿತು.

ಚೇರ್ಮನ್ನರಿಗೆ ಹೇಳಿದೆ. "ಅಡಿಗಿ ಈಗ ಗುತ್ತಿಗಿ ಕೊಟ್ಟೇವಿ, ಆಕೀನ ತಗೊಳ್ಳಾಕ ಬರೂದಿಲ್ಲ. ಮಗಳ ಸೀಟು ಬೇಕಾರ ಫೀ ಇಲ್ದ ಕೊಡೂಣು. ನೀವ ಹೋಗಿ ಹೇಳ್ರಿ" ಎಂದರು. ಅಷ್ಟಾದರೂ ಆಯಿತಲ್ಲ ಎಂದು ನನಗೆ ನಿಜವಾಗಿ ಸಂತೋಷವಾಯಿತು. ಮಾಡಿದ ತಪ್ಪನ್ನು ಅರ್ಧ ತೊಳೆದುಕೊಂಡವಳಂತೆ ಮರುದಿನ ಮಧ್ಯಾಹ್ನ ಘೋಡಗೇರಿಗೆ ಹೋದೆ.

ಕಾಕು ಮನೆಯ ಮುಂದೆ ಕುಳಿತು ಜೋಳ ಕೇರುತ್ತಿದ್ದಳು. ಎದ್ದು, "ಬರ್ರಿ ಅಕ್ಕೋರ, ಕುಂದರ್ರಿ" ಎಂದು ಚಾಪೆ ಹಾಸಿ ನೀರು ಕೊಟ್ಟಳು. ನಾನು ತಪ್ಪಾಯಿತೆಂದೆ. ತಾಯಂದಿರಿಗೆ ರೊಟ್ಟಿಯಿಂದಲೇ ಗೊತ್ತಾಯಿತಂತೆ, ನಿಮ್ಮ ಮೇಲೆ ಸುಮ್ಮನೆ ಅನುಮಾನ ಪಟ್ಟೆ ಎಂದೆ.

"ಸುಮ್ಮ ಪಟ್ಟಿಲ್ರಿ" ಎಂದಳು ಕಾಕು, ಮೊರ ಕೆಳಗಿಟ್ಟು. "ಉಳಿದ ರೊಟ್ಟಿ ಆಕಳಿಗೆ ಹಾಕಿ ಡಬ್ಬಿ ತೊಳದು ಕಳಸೂದು ನನ್ನ ಕೆಲಸ. ಅವತ್ತ ಬೇಕಂತನ ಹಾಕಲಿಲ್ಲ, ತೊಳೀಲಿಲ್ಲ. ತುಂಬಿದ ಡಬ್ಬಿ ಅದಾವು, ಎಲ್ಲೀನೂ ಬಿಡಬ್ಯಾಡ ಅಂತ ಕಂಡಕ್ಟರಗ ಹೇಳಿದೆ. ಹಡದಾಕಿಗೆ ತಿಳೀತೈತಿ ಅಂತ ಗೊತ್ತಿತ್ರಿ ನನಗ. ನೀವು ಕೇಳಿದಾಗ ಮಗಳ ಸೀಟಿನ ಸಲುವಾಗಿ ಸುಮ್ಮನಿದ್ದೆ. ಈಗ ಹೋಗೂದು ಹೋತು, ಹೇಳಾಕೇನು."

ತಂದಿದ್ದ ಒಳ್ಳೆಯ ಸುದ್ದಿಯನ್ನು ಅವಸರವಾಗಿ ಅವಳ ಮುಂದಿಟ್ಟೆ. ಚೇರ್ಮನ್ನರಿಗೆ ಇದನ್ನು ಹೇಳುವುದಿಲ್ಲ, ಅಡುಗೆ ಗುತ್ತಿಗೆಗೆ ಹೋಯಿತು, ಆದರೆ ಮಗಳ ಸೀಟು ಹಾಗೆಯೇ ಇದೆ, ಸೋಮವಾರದಿಂದ ಹಾಸ್ಟೆಲಿಗೆ ಕಳಿಸಿ, ಅವಳ ಹೊಣೆ ನನ್ನದು ಎಂದೆ.

ಕಾಕು ತಲೆ ಎತ್ತಿ ನನ್ನನ್ನು ನೋಡಿದಳು. ಬೈಯುವ ನೋಟವಲ್ಲ. ನಾನು ಆ ಸ್ಟೋರ್ ರೂಮಿನಲ್ಲಿ ಅವಳ ಫೋನನ್ನು ನೋಡಿದ ನೋಟ, ಹಾಗೇ ಇತ್ತು.

"ನಾ ಒಳಗ ಇರೂದಿಲ್ಲ" ಎಂದಳು. "ನನ್ನ ಮಗಳಿಗೆ ಅಲ್ಲಿ ಜ್ವರಾ ಬಂದ್ರ ನನಗ ಯಾರ್ ಹೇಳ್ತಾರ್ರಿ ಅಕ್ಕೋರ?"

"ನಾ ಹೇಳ್ತೇನ್ರಿ" ಎಂದೆ.

ಅವಳು ನಂಬಲಿಲ್ಲ. ಚಹಾ ಮಾಡಿ ಕೊಟ್ಟಳು, ಬಸ್ಸಿನ ತನಕ ಕಳಿಸಲೂ ಬಂದಳು. ಮಗಳು ಈಗಲೂ ಊರ ಸರಕಾರಿ ಶಾಲೆಗೇ ಹೋಗುತ್ತಾಳೆ.