ಹೆದರಿ ಸುಟ್ಟದ್ದಲ್ಲ

ಜಪಾನಿನ ಸಿನಿಮಾಗಳ ಮೇಲೆ ನನ್ನ ತಂಗಿ ಬರೆದ ಪುಸ್ತಕದ ಮೊದಲ ಪುಟದಲ್ಲಿ ‘ನನ್ನನ್ನು ಓದಿಸಿದ ಅಣ್ಣನಿಗೆ’ ಎಂದಿದೆ. ಅದನ್ನು ನೋಡಿ ನೆಂಟರು ನನ್ನ ಬೆನ್ನು ತಟ್ಟುತ್ತಾರೆ. ನನಗದು ಬೇಡ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಇದನ್ನು ನಾನೇ ಬರೆಯುತ್ತೇನೆ, ಯಾರ ಕೈಲೂ ತಿದ್ದಿಸುವುದಿಲ್ಲ.

ಅರವತ್ತರ ದಶಕ. ನಾನು ಕೆಜಿಎಫ್‌ನಲ್ಲಿ ಗಣಿಗೆ ಇಳಿಯುತ್ತಿದ್ದೆ. ತಂಗಿ ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಬೆಂಗಳೂರಿನ ಕಾಲೇಜಿಗೆ ಹೋಗುತ್ತಿದ್ದಳು. ಅಲ್ಲಿ ಯಾವುದೋ ಸಂಘದವರು ಶನಿವಾರ ಮಧ್ಯಾಹ್ನ ಜಪಾನಿನ ಸಿನಿಮಾ ತೋರಿಸುತ್ತಿದ್ದರು. ವಾಪಸು ಬರುವಾಗ, ಮರೆಯುವ ಮೊದಲೇ, ಕಂಡದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಚೌಕ ಚೌಕವಾಗಿ ಚಿತ್ರ ಬರೆದುಕೊಳ್ಳುತ್ತಿದ್ದಳು. ಚೌಕದೊಳಗೆ ಮೆಟ್ಟಿಲು, ಬಾಗಿಲು, ಜನ ನಡೆದ ಕಡೆಗೆ ಬಾಣದ ಗುರುತು. ಸಿನಿಮಾ ಕಲಿಸುವ ದೂರದ ಕಾಲೇಜೊಂದಕ್ಕೆ ಆ ನೋಟ್‌ಬುಕ್ಕನ್ನೇ ಕಳಿಸಬೇಕಿತ್ತು. ಅದನ್ನು ನೋಡಿಯೇ ಸೀಟು ಕೊಡುವುದು.

ಒಂದು ಬೆಳಿಗ್ಗೆ, ತಂಗಿ ರೈಲಿಗೆ ಹೋದ ಮೇಲೆ, ನಮ್ಮ ಲೈನುಮನೆಗಳಲ್ಲಿ ತಪಾಸಣೆ ಶುರುವಾಯಿತು. ಗಣಿಯಿಂದ ಚಿನ್ನದ ಅದಿರು ಕದ್ದವರನ್ನು ಹುಡುಕುವಾಗ ಕಾವಲಿನವರು ರಾಗಿ ಮಡಕೆಯನ್ನೂ ಬಿಡುತ್ತಿರಲಿಲ್ಲ. ಅವರ ಬೂಟಿನ ಸದ್ದು ಮೂರು ಮನೆಯಾಚೆ ಕೇಳುವಾಗ ಅಮ್ಮ ಟ್ರಂಕಿನಿಂದ ಆ ನೋಟ್‌ಬುಕ್ಕನ್ನು ಎತ್ತಿದಳು.

“ಏನ್ಲಾ ಇದು? ಸುರಂಗದ ನಕ್ಷೆ ಇದ್ದಂಗೈತೆ! ನಿನ್ ಕೆಲ್ಸ ಓಯ್ತದೆ ಕಣ್ಲಾ, ಒಲೇಗಾಕು!”

ಪುಟ ತಿರುವಿದೆ. ಕೊಡೆ ಹಿಡಿದ ಒಬ್ಬ ಹೆಂಗಸು ಕಂಡಳು. ಸುರಂಗದಲ್ಲಿ ಯಾರು ಕೊಡೆ ಹಿಡಿಯುತ್ತಾರೆ? ಅದು ನಕ್ಷೆಯಲ್ಲವೆಂದು ನನಗೆ ಅಲ್ಲೇ ಗೊತ್ತಾಯಿತು. ನಾನು ದಿನಾ ನೆಲದೊಳಕ್ಕೆ ಇಳಿಯುವಾಗ ಇವಳು ಸಮುದ್ರದಾಚೆ ನೋಡುತ್ತಾಳಲ್ಲ ಎಂಬ ಸಂಕಟ ಬಹಳ ದಿನದಿಂದ ಇತ್ತು. ಗೊತ್ತಿದ್ದೇ ಒಲೆಗೆ ಹಾಕಿದೆ.

ಕಾವಲಿನವರು ನಮ್ಮ ಮನೆಗೆ ಬರಲೇ ಇಲ್ಲ.

ಸಂಜೆ ತಂಗಿ ಬೂದಿಯನ್ನು ನೋಡಿದಳು. ಅಮ್ಮನಿಂದ ನಡೆದದ್ದನ್ನು ತಿಳಿದು ನನ್ನನ್ನು ಕೇಳಿದಳು.

“ಎದ್ರುಬಿಟ್ಯಾ ಅಣ್ಣಾ?”

“ಊಂ.”

“ಪಾಪ, ಜಪಾನಿನೋರ್ನೂ ಅದಿರುಕಳ್ರು ಮಾಡ್ಬಿಟ್ಯಲ್ಲೋ,” ಎಂದು ನಕ್ಕಳು. ಕಣ್ಣು ಮಾತ್ರ ಒಲೆಯ ಕಡೆಗೇ ಇತ್ತು.

ಮರುದಿನವೇ ಹೊಸ ನೋಟ್‌ಬುಕ್ಕಿಗೆ ಗೆರೆ ಹೊಡೆದಳು. ನೆನಪಾಗದ ಕಡೆ ಚೌಕವನ್ನು ಖಾಲಿ ಬಿಟ್ಟಳು. ಆ ವರ್ಷದ ಸೀಟು ತಪ್ಪಿತು. ಬಂಗಾರಪೇಟೆಯ ಸ್ಕೂಲಿನಲ್ಲಿ ಒಂದು ವರ್ಷ ಮಗ್ಗಿ ಹೇಳಿಕೊಟ್ಟು, ಮತ್ತೆ ಅರ್ಜಿ ಹಾಕಿ, ಖಾಲಿ ಚೌಕಗಳ ಸಮೇತ ಕಳಿಸಿ ಗೆದ್ದಳು. ಆಮೇಲೆ ಬದುಕಿಡೀ ಸಿನಿಮಾವನ್ನೇ ಓದಿದಳು, ಅದನ್ನೇ ಕಲಿಸಿದಳು. ಅದರಲ್ಲಿ ನನ್ನ ಪಾಲು ಏನೂ ಇಲ್ಲ.

ತಂಗೀ, ಪುಸ್ತಕ ಮತ್ತೆ ಅಚ್ಚಾಗುವಾಗ ಆ ಸಾಲು ತೆಗೆದುಬಿಡು. ನಕ್ಷೆ ಯಾವುದು, ಸಿನಿಮಾ ಯಾವುದು ಗೊತ್ತಾಗದೆ ಹೆದರಿದ ಅಣ್ಣ ಅಂತ ನೀನು ಯಾವತ್ತೋ ಕ್ಷಮಿಸಿದ್ದೀಯ. ಅಂಥವನು ನಮ್ಮ ಮನೆಯಲ್ಲಿ ಇರಲಿಲ್ಲ. ಇದ್ದವನು ನಾನು. ಕ್ಷಮಿಸುವುದಾದರೆ ನನ್ನನ್ನು ಕ್ಷಮಿಸು, ಆಗದಿದ್ದರೆ ಬಿಡು.